ತೇವದ ಹವೆಗೆ ನವುರಾದ ಹತ್ತಿಯ ಉಡುಪು

ಕೊಚ್ಚಿ, ತಿರುವನಂತಪುರಗಳಲ್ಲಿ ಬಿಸಿಲಿಗಿಂತಲೂ ಗಾಳಿಯ ತೇವವೇ ದೇಹವನ್ನು ಹೆಚ್ಚು ಬಳಲಿಸುತ್ತದೆ. ಗಾಳಿಯಲ್ಲಿ ನೀರಾವಿ ತುಂಬಿರುವಾಗ ಬೆವರು ಬೇಗನೆ ಆರದು. ಬೆವರು ಆರದೆ ಮೈ ತಂಪಾಗದು. ಹತ್ತಿ ಬೆವರನ್ನು ಹೀರುತ್ತದೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ದಪ್ಪ ಬಟ್ಟೆಯು ಹೀರಿದ ನೀರನ್ನು ಬಹಳ ಹೊತ್ತು ಬಿಡದೆ ಮೈಗೆ ಅಂಟಿಕೊಳ್ಳುತ್ತದೆ. ತೆಳುವಾದ ಬಟ್ಟೆ ಹಿಡಿಯುವ ನೀರು ಕಡಿಮೆ. ಎಳೆಗಳ ನಡುವೆ ಗಾಳಿಯಾಡುವುದರಿಂದ ಅದು ಒಣಗುವುದೂ ಬೇಗ.

ತಿರುವನಂತಪುರದ ಬಳಿಯ ಬಲರಾಮಪುರಂ ಹಾಗೂ ಕೊಚ್ಚಿಯ ಉತ್ತರಕ್ಕಿರುವ ಚೇಂದಮಂಗಲಂ ಕೈಮಗ್ಗದ ಮುಂಡು, ಸೀರೆಗಳು ಹಿತವಾಗಿರುವುದು ಈ ಕಾರಣದಿಂದಲೇ. ನೂರು ಕೌಂಟಿನಂಥ ನವುರು ನೂಲು ಇವುಗಳಿಗೆ ಬಳಕೆಯಾಗುತ್ತದೆ. ಅಂಥ ನೂಲು 454 ಗ್ರಾಂ ತೂಗಿದರೆ ಅದರ ಉದ್ದ ಸುಮಾರು 77 ಕಿಲೋಮೀಟರು! ಕೊಚ್ಚಿ ರಾಜಮನೆತನಕ್ಕಾಗಿ ನೇಯಲು ಕನ್ನಡ ನಾಡಿನಿಂದ ಹೋದ ದೇವಾಂಗರು ತ್ರಿಶೂರು ಜಿಲ್ಲೆಯ ಕುತ್ತಾಂಪುಳ್ಳಿಯಲ್ಲಿ ನೆಲೆಸಿ ಇದೇ ಬಗೆಯ ನೇಯ್ಗೆಯನ್ನು ಬೆಳೆಸಿದರೆಂಬುದನ್ನು ಇಲ್ಲಿ ಸ್ಮರಿಸಬಹುದು.

2018ರ ಆಗಸ್ಟ್ ಪ್ರವಾಹದಲ್ಲಿ ಚೇಂದಮಂಗಲದ ಮಗ್ಗಗಳು ಮುಳುಗಿ, ಓಣಂ ಮಾರಾಟಕ್ಕೆ ಸಿದ್ಧವಾಗಿದ್ದ ಬಟ್ಟೆ ಕೆಸರುಪಾಲಾಯಿತು. ಕಲೆಯಾದ ಬಟ್ಟೆಯನ್ನು ಶುಚಿಗೊಳಿಸಿ, ಚೇಕುಟ್ಟಿ ಎಂಬ ಪುಟ್ಟ ಗೊಂಬೆಗಳನ್ನು ಮಾಡಿ ಮಾರಿ ನೇಕಾರರಿಗೆ ನೆರವಾಗಲಾಯಿತು. ನೆರೆಯಷ್ಟೇ ಅಲ್ಲ, ಕೈಮಗ್ಗದ್ದೆಂದು ಮಾರುವ ವಿದ್ಯುತ್ ಮಗ್ಗದ ಅಗ್ಗದ ಬಟ್ಟೆಯೂ ನೇಕಾರರ ಕೂಲಿಗೆ ಕುತ್ತು ತರುತ್ತದೆ. ಆದುದರಿಂದ ಕೊಳ್ಳುವಾಗ 2006ರಲ್ಲಿ ಜಾರಿಗೆ ಬಂದ ಕೈಮಗ್ಗದ ಗುರುತನ್ನು ನೋಡುವುದು ಉಚಿತ.

ಒಗೆದ ಬಳಿಕ ದಟ್ಟವಾದ ಗಂಜಿ ಹಾಕಿದರೆ ಎಳೆಗಳ ನಡುವಣ ಸಂದುಗಳು ಮುಚ್ಚುತ್ತವೆ, ತಿಳಿಗಂಜಿಯೇ ಸಾಕು.