ಮಾಳಿಗೆಯ ಭಾರ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರು ಹಿರಿಯರು. ಕೊಪ್ಪಳ, ಯಲಬುರ್ಗಾ, ಕುಷ್ಟಗಿಯ ಸೀಮೆಯವರು ಈ ಗಾದೆಗೆ ಇನ್ನೊಂದು ಮಾತನ್ನು ಸೇರಿಸಬಹುದು: ಮಾಳಿಗೆ ಕಾಯ್ದು ನೋಡು. ಮನೆ ಕಟ್ಟುವುದು ಒಂದು ಸಲದ ಸಾಹಸ. ಮಣ್ಣಿನ ಮಾಳಿಗೆಯನ್ನು ಕಾಯುವುದು ವರ್ಷವರ್ಷದ ವ್ರತ.

ನಮ್ಮದು ಬಿಸಿಲ ನಾಡು. ಕಲ್ಲುಮಣ್ಣಿನ ದಪ್ಪ ಗೋಡೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಒತ್ತಾಗಿ ಹಾಸಿದ ಕಟ್ಟಿಗೆ, ಎಲ್ಲಕ್ಕೂ ಮೇಲೆ ಅರ್ಧ ಅಡಿ ಮಣ್ಣು. ಬೇಸಗೆಯ ಉರಿಯನ್ನು ತಡೆಯಲು ಬಡವನಿಗೆ ಇದಕ್ಕಿಂತ ಮೇಲಾದ ಉಪಾಯವನ್ನು ನಾನು ಕಾಣೆ. ಪೈರಿಗೆ ಬೇಡವಾದ ಸವಳು ಮಣ್ಣನ್ನೇ ನಮ್ಮವರು ಮಾಳಿಗೆಗೆ ಆರಿಸಿಕೊಂಡರು. ನೆನೆದಾಗ ಅದರ ಕಣಗಳು ಹರಡಿ ರಂಧ್ರಗಳನ್ನು ಮುಚ್ಚುತ್ತವೆ. ನೀರು ಇಂಗದೆ ಹರಿದುಹೋಗುತ್ತದೆ. ಈ ಜಾಣ್ಮೆಯನ್ನು ಅವರು ಯಾವ ಪುಸ್ತಕದಿಂದಲೂ ಕಲಿತವರಲ್ಲ.

ಆದರೆ ಬಿಸಿಲಿಗೆ ಕೊಡೆಯಾದ ಮಣ್ಣು ಮಳೆಗಾಲದಲ್ಲಿ ಹೊರೆಯಾಗುತ್ತದೆ. ೧೦ ಅಡಿ ಅಗಲ, ೧೫ ಅಡಿ ಉದ್ದದ ಕೋಣೆಯ ಮೇಲಣ ಅರ್ಧ ಅಡಿ ಒಣಮಣ್ಣು ಸುಮಾರು ಮೂರೂವರೆ ಟನ್ ತೂಗುತ್ತದೆ. ತೋಯ್ದರೆ ನಾಲ್ಕು ಟನ್ನನ್ನು ಮೀರುತ್ತದೆ. ಸೋರಿತೆಂದು ಪ್ರತಿವರ್ಷ ಒಂದು ಅಂಗುಲ ಮಣ್ಣನ್ನು ಏರಿಸಿದರೆ ಪ್ರತಿವರ್ಷವೂ ಅರ್ಧ ಟನ್ ಹೆಚ್ಚು. ಹೊರುವ ಜಂತಿಯಾದರೋ ವರ್ಷದಿಂದ ವರ್ಷಕ್ಕೆ ಗೆದ್ದಲಿಗೆ ತುತ್ತಾಗುತ್ತ ಬಂದಿರುತ್ತದೆ. ಯಲಬುರ್ಗಾದ ಕಡೆಯ ವೃದ್ಧ ಗೌಂಡಿಯೊಬ್ಬರು ನನಗೆ ಹೇಳಿದ ಮಾತನ್ನು ನಾನು ಮರೆಯಲಾರೆ: “ಮಾಳಿಗಿ ಮ್ಯಾಲೆ ಮಣ್ಣ ಹಾಕೋದು ಎಲ್ಲಾರಿಗೂ ಬರ್ತೈತ್ರೀ ಮಾಸ್ತರ್ರ, ತೆಗಿಯೋದು ಯಾರಿಗೂ ಬರಂಗಿಲ್ಲ.”

೨೦೦೯ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಮೊದಲ ದಿನಗಳಲ್ಲಿ ಹಸ್ತದ ಮಳೆ ಬಿಡದೆ ಸುರಿದಾಗ ಈ ಮಾತಿನ ಸತ್ಯ ಉತ್ತರ ಕರ್ನಾಟಕಕ್ಕೆಲ್ಲ ತಿಳಿಯಿತು. ರಾಜ್ಯದಲ್ಲಿ ೨೦೦ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಅನೇಕರನ್ನು ಕೊಂದದ್ದು ಹೊಳೆಯಲ್ಲ, ಅವರನ್ನು ಕಾಯಬೇಕಾಗಿದ್ದ ಸ್ವಂತ ಮನೆಯ ಗೋಡೆ, ಮಾಳಿಗೆ. ಗಂಗಾವತಿಯ ಕಡೆ ಸಂಕಟದ ಬಗೆ ಬೇರೆ. ತುಂಗಭದ್ರೆಯ ಎಡದಂಡೆ ಕಾಲುವೆ ಭತ್ತದ ಸಿರಿಯನ್ನು ತಂದಿತು. ಜೊತೆಗೆ ಕೆಲವು ನೆಲಗಳಲ್ಲಿ ಜವಳನ್ನೂ ತಂದಿತು. ಅಲ್ಲಿ ಗೋಡೆ ಮೇಲಿನಿಂದಷ್ಟೇ ಅಲ್ಲ, ಬುಡದಿಂದಲೂ ನೆನೆಯುತ್ತದೆ.

ಮಾಳಿಗೆಯನ್ನು ಹದಗೊಳಿಸುವ ಕಾಲ ಮುಂಗಾರಿಗೆ ಮುಂಚಿನ ಬೇಸಗೆ. ಅದೇ ಕಾಲದಲ್ಲಿ ದುಡಿಯುವ ಕೈಗಳು ಬೆಂಗಳೂರಿಗೋ, ಮಂಗಳೂರಿಗೋ, ಗೋವೆಗೋ ಗುಳೆ ಹೋಗಿರುತ್ತವೆ. ಮನೆಯಲ್ಲಿ ಉಳಿದ ಮುದುಕಿ ಏಣಿ ಹತ್ತಲಾರಳು. ನಮ್ಮ ಮಾಳಿಗೆಗಳು ಕುಸಿಯುವುದು ಮಳೆಯಿಂದ ಮಾತ್ರವೇ ಅಲ್ಲ, ಈ ಬಡತನದಿಂದಲೂ ಎಂಬುದನ್ನು ಅಲ್ಲಗಳೆಯಲಾಗದು.

ಓದುಗರು ತಮ್ಮ ಮನೆಯನ್ನೊಮ್ಮೆ ತಲೆಯೆತ್ತಿ ನೋಡಲಿ. ಜಂತಿ ಬಾಗಿದೆಯೆ? ಮಲಗಿದವರ ಮೇಲೆ ಮಣ್ಣು ಉದುರುತ್ತಿದೆಯೆ? ಗೋಡೆ ಹೊಟ್ಟೆ ಬಿಟ್ಟಿದೆಯೆ? ಮಾಳಿಗೆಯ ಮೇಲೆ ಹುಲ್ಲು ಬೆಳೆದಿದೆಯೆ? ನೀರು ಹೊರಬೀಳುವ ದೋಣಿ ಕಟ್ಟಿದೆಯೆ? ಹಳೆಯ ಮಣ್ಣನ್ನು ಕೆರೆದು ಇಳಿಸಿದ ಮೇಲೆಯೇ ಹೊಸದನ್ನು ಹಾಕಬೇಕು; ಸೊರಗಿದ ಜಂತಿಯನ್ನು ಬದಲಿಸುವವರೆಗೆ ಕೆಳಗೆ ಕಂಬ ಕೊಡಬೇಕು. ಜಡಿಮಳೆ ಹಿಡಿದಾಗ ಅಂಥ ಕೋಣೆಯಲ್ಲಿ ಮಲಗದೆ ಶಾಲೆಗೋ ಗುಡಿಗೋ ಹೋಗುವುದು ಹೇಡಿತನವಲ್ಲ. ಮಳೆ ನಿಂತೊಡನೆ ಮರಳಲೂ ಬಾರದು. ಆಕಾಶ ತಿಳಿಯಾದರೂ ಗೋಡೆಯ ಒಳಗಣ ತೇವ ಆರಿರುವುದಿಲ್ಲ.

ಬಿದ್ದ ಮನೆಗೆ ಸರಕಾರದಲ್ಲಿ ಪರಿಹಾರದ ಲೆಕ್ಕವುಂಟು. ಬೀಳಲಿರುವ ಮನೆಗೆ ಎರಡು ಆಳಿನ ದುಡಿಮೆ, ನಾಲ್ಕು ಜಂತಿ ಸಾಕಾಗಬಹುದು. ರೋಹಿಣಿ ಮಳೆಗೆ ಮುನ್ನ ಊರೂರಿನ ಪಂಚಾಯತಿ ಇಂಥ ಮನೆಗಳನ್ನು ಗುರುತಿಸಿ ಆ ನೆರವನ್ನು ನೀಡಿದರೆ, ಹಸ್ತದ ಮಳೆಯಲ್ಲಿ ಹೆಣಗಳನ್ನು ಎಣಿಸುವ ಕೆಲಸ ಅಷ್ಟು ಕಡಿಮೆಯಾದೀತು.