ಹಾಲುಗಾಳಿನ ಹಬ್ಬ



ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನನೋತ್ಸವ. ಘಟ್ಟದ ಮೇಲಿನವರಿಗೆ ಈ ದಿನವೆಂದರೆ ತೇರು, ಹರಕೆ, ಕಾವಿ ಸೀರೆಯುಟ್ಟ ತಾಯಂದಿರು, ಬೆಂಗಳೂರಿನ ಶಿವಾಜಿನಗರದ ಬಸಿಲಿಕದ ಮುಂದೆ ಸೇರುವ ಜನಸಾಗರ. ಕರಾವಳಿಯ ದಕ್ಷಿಣ ಕನ್ನಡ, ಉಡುಪಿ ಕಡೆಯವರಿಗೆ ಅದೇ ದಿನ ತೆನೆ ಹಬ್ಬ; ಕೊಂಕಣಿಯಲ್ಲಿ ಮೊಂತಿ ಫೆಸ್ತ್. ಫರಂಗಿಪೇಟೆಯಲ್ಲಿ ನೇತ್ರಾವತಿ ನದಿಯ ಬದಿಗಿರುವ ಮೊಂತೆ ಮರಿಯಾನೊ ದೇವಾಲಯದಿಂದ ಆ ಹೆಸರು ಬಂತೆಂದು ಹಿರಿಯರು ಹೇಳುತ್ತಾರೆ.

ಹಬ್ಬದ ಆಚರಣೆ ಗೊತ್ತಿಲ್ಲದ ಓದುಗರಿಗಾಗಿ ಎರಡು ಮಾತು. ಒಂಬತ್ತು ದಿನ ನೊವೇನಾ. ಮಕ್ಕಳು ಮಳೆಯಲ್ಲಿ ನೆನೆಯುತ್ತಾ ಮನೆಯಂಗಳದ ದಾಸವಾಳ, ಗುಡ್ಡೆಯ ಕಾಡುಹೂ, ಸಿಕ್ಕಿದ್ದನ್ನೆಲ್ಲ ಬುಟ್ಟಿಯಲ್ಲಿ ತಂದು ಬಾಲೆ ಮರಿಯಮ್ಮನಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಗುರುಗಳು ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸುತ್ತಾರೆ, ಮೆರವಣಿಗೆಯಲ್ಲಿ ದೇವಾಲಯಕ್ಕೆ ಹೋಗಿ ಬಲಿಪೂಜೆ, ಕೊನೆಯಲ್ಲಿ ಮನೆಮನೆಗೂ ತೆನೆ, ಮಕ್ಕಳಿಗೆ ಕಬ್ಬು. ಮನೆಯಲ್ಲಿ ಆ ತೆನೆಯ ಕಾಳನ್ನು ಸುಲಿದು ಅರೆದು ಹಾಲಿಗೋ ಪಾಯಸಕ್ಕೋ ಬೆರೆಸಿ, ಪ್ರಾರ್ಥನೆಯಾದ ಮೇಲೆ ಮನೆಯ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಆಮೇಲೆ ಬಾಳೆಲೆಯ ಮೇಲೆ ತರಕಾರಿಯ ಊಟ. ಮೀನು ಮಾಂಸವಿಲ್ಲದ ಹಬ್ಬ ನಮ್ಮವರಲ್ಲಿ ಅಪರೂಪ ಎಂಬುದನ್ನು ನಗುತ್ತಲೇ ಹೇಳಬೇಕು!

ಇಷ್ಟೆಲ್ಲ ನಾನು ಬಾಲ್ಯದಿಂದಲೂ ಕಂಡದ್ದೇ. ಆದರೆ ಒಂದು ಪ್ರಶ್ನೆ ನನಗೆ ಹೊಳೆದಿರಲಿಲ್ಲ. ನಮ್ಮ ಕಡೆ ಮಳೆಗಾಲದ ಬೆಳೆಯಾದ ಏಣೆಲಿಗೆ ನೇಜಿ ನೆಡುವುದು ಜೂನ್ ಕೊನೆ, ಜುಲೈ ತಿಂಗಳಲ್ಲಿ. ಎಂ.ಒ.4 ಎಂಬ ಕೆಂಪಕ್ಕಿಯ ತಳಿ ನಮ್ಮ ರೈತರಿಗೆ ಬಹಳ ಪ್ರಿಯ. ಅದು ಮಾಗಲು ಬಿತ್ತಿದ ದಿನದಿಂದ ನಾಲ್ಕು ತಿಂಗಳಿಗೂ ಮೀರಿ ಬೇಕು. ಕೊಯ್ಲು ಹೆಚ್ಚಾಗಿ ಅಕ್ಟೋಬರಿನಲ್ಲಿ. ಹಾಗಾದರೆ ಸೆಪ್ಟೆಂಬರ್ 8ರಂದು ನಾವು ಆಶೀರ್ವದಿಸುವುದು ಏನನ್ನು? ಬೆಳೆ ಇನ್ನೂ ಗದ್ದೆಯಲ್ಲಿದೆ, ಕಣಜ ಖಾಲಿಯಿದೆ. ಕೊಯ್ದು, ಬಡಿದು, ಒಣಗಿಸಿ, ತುಂಬಿಸಿದ ಮೇಲೆ ದೇವರಿಗೆ ಕೃತಜ್ಞತೆ ಹೇಳುವುದು ಅರ್ಥವಾಗುತ್ತದೆ. ಇಷ್ಟು ಬೇಗ ಏಕೆ?

ಈ ಪ್ರಶ್ನೆಯನ್ನು ನನಗೆ ಕಲಿಸಿದವರು ಒಬ್ಬ ವೃದ್ಧ ತಾಯಿ. ನಾನು ಹಳ್ಳಿಯ ಧರ್ಮಕೇಂದ್ರವೊಂದಕ್ಕೆ ಹೊಸದಾಗಿ ಹೋದ ವರ್ಷ ಆಗಸ್ಟ್ ತಿಂಗಳ ಮಳೆ ಜೋರಾಗಿತ್ತು. ಊರಿನಲ್ಲಿ ಭತ್ತ ಬೆಳೆಯುವವರೇ ಮೂರ್ನಾಲ್ಕು ಮನೆಯವರು. ಉಳಿದ ಗದ್ದೆಗಳು ಅಡಿಕೆ ತೋಟವಾಗಿದ್ದವು, ಇಲ್ಲವೇ ಹಡಿಲು ಬಿದ್ದಿದ್ದವು. ಹಬ್ಬಕ್ಕೆ ತೆನೆ ಸಾಲದೆಂದು ನಾನು ಬೇರೆ ಊರಿನಿಂದ ಪಿಕಪ್ ವಾಹನದಲ್ಲಿ ತರಿಸಿದೆ. ಬಂದ ತೆನೆ ಬಂಗಾರದ ಬಣ್ಣದ್ದು, ಪೂರ್ತಿ ಮಾಗಿದ್ದು. ಮೇಜಿನ ಮೇಲೆ ಜೋಡಿಸಿದಾಗ ನೋಡಲು ಬಹಳ ಚೆನ್ನಾಗಿತ್ತು. ಮುಂಜಾನೆ ಆ ತಾಯಿ ಒಂದು ಗೆರಸೆಯಲ್ಲಿ ತಮ್ಮ ಗದ್ದೆಯ ತೆನೆ ತಂದರು. ಹಸಿರು, ತೆಳ್ಳಗೆ, ಕೆಲವಂತೂ ತಲೆಯನ್ನೇ ಬಾಗಿಸಿರಲಿಲ್ಲ. ನಾನು ಅದನ್ನು ಮೇಜಿನ ಹಿಂದಿನ ಸಾಲಿನಲ್ಲಿಟ್ಟೆ. ಅವರು ಗಮನಿಸಿದರು. ಏನೂ ಹೇಳದೆ ನನ್ನ ಚಿನ್ನದ ಬಣ್ಣದ ತೆನೆಯ ಒಂದು ಕಾಳನ್ನು ಉಗುರಿನಿಂದ ಒತ್ತಿದರು, ಅದು ಕಲ್ಲು. ಆಮೇಲೆ ತಮ್ಮ ತೆನೆಯ ಕಾಳನ್ನು ಒತ್ತಿದರು. ಬೆರಳ ತುದಿಗೆ ಬಿಳಿ ಹಾಲು ಬಂತು. "ಫಾದರ್, ಮರಿಯಮ್ಮ ಇವತ್ತು ಹುಟ್ಟಿದ ಮಗು ಅಲ್ಲವಾ? ಮಗುವಿಗೆ ಹಾಲು ಕೊಡಬೇಕು" ಎಂದರು.

ಸೆಮಿನರಿಯಲ್ಲಿ ವರ್ಷಗಟ್ಟಲೆ ದೈವಶಾಸ್ತ್ರ ಓದಿದವನು ನಾನು. ಅಂದು ಸಿದ್ಧಪಡಿಸಿದ್ದ ಪ್ರಬೋಧನೆಯನ್ನು ಜೇಬಿನಲ್ಲೇ ಉಳಿಸಿಕೊಂಡೆ.

ಆ ಹಾಲು ಬರುವುದು ಹೇಗೆಂದು ಆಮೇಲೆ ಅವರ ಗದ್ದೆಯ ಅಂಚಿನಲ್ಲಿ ನಿಂತು ಕೇಳಿ ತಿಳಿದೆ, ಕೃಷಿ ಬಲ್ಲವರಿಂದಲೂ ಕೇಳಿದೆ. ಭತ್ತದ ತೆನೆ ಮೊದಲು ಎಲೆಯ ಒಳಗೆ ಅಡಗಿರುತ್ತದೆ. ಬಸುರಿಯಂತೆ ದಂಟು ಉಬ್ಬುತ್ತದೆ. ತೆನೆ ಹೊರಬಿದ್ದ ಮೇಲೆ ಅದರ ಒಂದೊಂದು ಹೂವೂ ಬೆಳಗಿನ ಹೊತ್ತು ಒಂದೇ ಒಂದು ಬಾರಿ, ಹೆಚ್ಚೆಂದರೆ ಗಂಟೆ ಎರಡು ಗಂಟೆ, ಬಾಯಿ ತೆರೆಯುತ್ತದೆ. ಆ ಹೊತ್ತಿನಲ್ಲಿ ಪರಾಗ ಸೇರಿದರೆ ಕಾಳು. ಹೂ ಅರಳುವ ದಿನಗಳಲ್ಲಿ ಬಿರುಮಳೆ ಹೊಡೆದರೆ ಹಲವು ಕಾಳುಗಳು ಜೊಳ್ಳು. ಮತ್ತೆ ಬಾಯಿ ತೆರೆಯುವುದಿಲ್ಲ. ಪರಾಗ ಸೇರಿದ ಕಾಳಿನಲ್ಲಿ ವಾರದೊಳಗೆ ಹಾಲು ತುಂಬತೊಡಗುತ್ತದೆ, ಆ ಹಾಲು ಹಿಟ್ಟಿನಂತೆ ಗಟ್ಟಿಯಾಗಿ, ಕೊನೆಗೆ ಅಕ್ಕಿಯಾಗುತ್ತದೆ. ಒಟ್ಟು ಸುಮಾರು ಒಂದು ತಿಂಗಳು. ಹಾಲಿರುವ ದಿನಗಳೇ ಅತಿ ಅಪಾಯದ ದಿನಗಳು. ಹಾಲು ಹೀರುವ ತಿಗಣೆ ಬರುವುದು ಆಗ. ಗಿಳಿ, ಇಲಿ, ಹಂದಿ, ಈಚೆಗೆ ನವಿಲು ಕೂಡ. ಗದ್ದೆಯಲ್ಲಿ ನೀರು ಒಣಗಿದರೂ ಕಾಳು ಕೆಡುತ್ತದೆ, ಗಾಳಿಗೆ ಪೈರು ಮಲಗಿದರೂ ಕೆಡುತ್ತದೆ.

ಅಂದರೆ ನಮ್ಮ ಹಿರಿಯರು ಆಶೀರ್ವಾದ ಬೇಡಿದ್ದು ಕೈಗೆ ಬಂದ ಬೆಳೆಗಲ್ಲ, ಕೈತಪ್ಪಿ ಹೋಗಬಹುದಾದ ಬೆಳೆಗೆ.

ಇದು ಕರಾವಳಿಯವರ ಕಲ್ಪನೆ ಮಾತ್ರವಲ್ಲ. ಯಾಜಕಕಾಂಡದ ಎರಡನೆಯ ಅಧ್ಯಾಯವನ್ನು ತೆರೆದು ನೋಡಿ. ಪ್ರಥಮ ಫಲದ ಕಾಣಿಕೆಯಾಗಿ ಹಸಿ ತೆನೆಗಳನ್ನು ಬೆಂಕಿಯಲ್ಲಿ ಸುಟ್ಟು ಅರ್ಪಿಸಬೇಕೆಂಬ ವಿಧಿ ಅಲ್ಲಿದೆ. ಇಪ್ಪತ್ತಮೂರನೆಯ ಅಧ್ಯಾಯದಲ್ಲಿ, ಮೊದಲ ಸಿವುಡನ್ನು ಸರ್ವೇಶ್ವರನಿಗೆ ಅರ್ಪಿಸುವ ತನಕ ಹೊಸ ಬೆಳೆಯನ್ನು ಬಾಯಿಗಿಡಬಾರದೆಂದಿದೆ. ಇನ್ನೂ ಸೋಜಿಗದ ಸಂಗತಿಯೊಂದಿದೆ. ಇಸ್ರಯೇಲರು ಈಜಿಪ್ಟಿನ ದಾಸ್ಯದಿಂದ ಹೊರಟ ತಿಂಗಳಿಗೆ ವಿಮೋಚನಾಕಾಂಡ ಕೊಡುವ ಹೆಸರು ಅಬೀಬ್. ಹೀಬ್ರು ಭಾಷೆಯಲ್ಲಿ ಆ ಮಾತಿಗೆ ಅರ್ಥ ಹಸಿ ತೆನೆ, ಅದರಲ್ಲೂ ಜವೆಗೋದಿಯ ಎಳೆಯ ತೆನೆ! ಬಿಡುಗಡೆ ದೊರೆತದ್ದು ಕಣಜ ತುಂಬಿದ ತಿಂಗಳಲ್ಲಲ್ಲ, ತೆನೆ ಇನ್ನೂ ಹಸಿರಾಗಿದ್ದ ತಿಂಗಳಲ್ಲಿ. ಮುಂದೆ ಕಾದಿದ್ದದ್ದು ನಲವತ್ತು ವರ್ಷಗಳ ಮರಳುಗಾಡು.

ಮಾತೆ ಮರಿಯಮ್ಮನವರ ಜನನದ ಹಬ್ಬವೂ ಇದೇ ಜಾತಿಯದು. ಶುಭಸಂದೇಶಗಳಲ್ಲಿ ಅವರ ಹುಟ್ಟಿನ ಬಗ್ಗೆ ಒಂದು ಅಕ್ಷರವೂ ಇಲ್ಲ. ತಂದೆ ತಾಯಿ ಜೋವಾಕಿಮ್ ಮತ್ತು ಅನ್ನಮ್ಮ ಎಂಬ ಹೆಸರುಗಳು ನಮಗೆ ತಿಳಿದಿರುವುದು ಬೈಬಲಿನ ಹೊರಗಿನ, ಎರಡನೆಯ ಶತಮಾನದ ಒಂದು ಬರಹದಿಂದ. ಜೆರುಸಲೇಮಿನಲ್ಲಿ ಆರಂಭವಾದ ಈ ಹಬ್ಬ ಏಳನೆಯ ಶತಮಾನದ ಹೊತ್ತಿಗೆ ರೋಮಿಗೆ ಬಂತು. 687ರಿಂದ 701ರವರೆಗೆ ಪೋಪರಾಗಿದ್ದ ಒಂದನೆಯ ಸೆರ್ಜಿಯುಸರು ಆ ದಿನ ಮೆರವಣಿಗೆ ನಡೆಸಬೇಕೆಂದು ವಿಧಿಸಿದರು. ಯೇಸುಸ್ವಾಮಿ ಇನ್ನೂ ಹುಟ್ಟಿಲ್ಲ, ದೇವದೂತ ಇನ್ನೂ ಬಂದಿಲ್ಲ, ಶಿಲುಬೆ ದೂರ, ಪುನರುತ್ಥಾನ ಇನ್ನೂ ದೂರ. ನಜರೇತಿಗೋ ಜೆರುಸಲೇಮಿಗೋ ಸೇರಿದ ಒಂದು ಮನೆಯಲ್ಲಿ ಒಂದು ಹೆಣ್ಣುಮಗು ಅಳುತ್ತಿದೆ, ಅಷ್ಟೆ. ಧರ್ಮಸಭೆ ಅಷ್ಟಕ್ಕೇ ಗಂಟೆ ಬಾರಿಸುತ್ತದೆ.

ಅಂದಿನ ಬಲಿಪೂಜೆಯ ಶುಭಸಂದೇಶ ಮತ್ತಾಯನ ಮೊದಲ ಅಧ್ಯಾಯ, ಆ ಉದ್ದನೆಯ ವಂಶಾವಳಿ. ಹೆಸರುಗಳನ್ನು ಓದುವಾಗ ಗುರುಗಳ ನಾಲಿಗೆ ತೊಡರುತ್ತದೆ, ಮಕ್ಕಳು ಆಕಳಿಸುತ್ತಾರೆ. ಆದರೆ ಆ ಸಾಲಿನಲ್ಲಿ ಗದ್ದೆಯಿಂದ ಬಂದ ಒಂದು ಹೆಸರಿದೆ, ರೂತಳು. ಗಂಡ ಸತ್ತವಳು, ಪರದೇಶಿ, ಅತ್ತೆಯ ಹೊಟ್ಟೆ ತುಂಬಿಸಲು ಬೆತ್ಲೆಹೇಮಿನ ಹೊಲದಲ್ಲಿ ಕೊಯ್ಯುವವರ ಹಿಂದೆ ಬಿದ್ದ ತೆನೆ ಆಯ್ದವಳು. ಹೊಲದ ಮೂಲೆಗಳನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂಬ ಯಾಜಕಕಾಂಡದ ನಿಯಮವನ್ನು ಆ ಹೊಲದ ಒಡೆಯ ಬೋವಜನು ಪಾಲಿಸದೆ ಇದ್ದಿದ್ದರೆ? ದಾವೀದನ ವಂಶವೇ ಇರುತ್ತಿರಲಿಲ್ಲ. ನಮ್ಮಲ್ಲಿ ಎಷ್ಟು ಮಂದಿ ಇಂದು ತೋಟದ ಬೇಲಿಯಾಚೆಗೆ ಬಿದ್ದ ತೆಂಗಿನಕಾಯಿಗೂ ಜಗಳ ಕಾಯುತ್ತೇವೆ! ಇದನ್ನು ಹೇಳಿ ಮುಂದೆ ಹೋಗುತ್ತೇನೆ.

ಯೇಸುಸ್ವಾಮಿ ಹೇಳಿದ ಬೀಜದ ಸಾಮತಿಗಳಲ್ಲಿ ಮಾರ್ಕನು ಮಾತ್ರ ಬರೆದಿಟ್ಟ ಒಂದಿದೆ (4:26-29). ರೈತ ಬಿತ್ತುತ್ತಾನೆ, ರಾತ್ರಿ ಮಲಗುತ್ತಾನೆ, ಬೆಳಿಗ್ಗೆ ಏಳುತ್ತಾನೆ. ಬೀಜ ಬೆಳೆಯುತ್ತದೆ, ಹೇಗೆಂದು ಅವನಿಗೇ ಗೊತ್ತಿಲ್ಲ. ಮೊದಲು ಗರಿ, ಆಮೇಲೆ ತೆನೆ, ಆಮೇಲೆ ತೆನೆಯಲ್ಲಿ ತುಂಬಿದ ಕಾಳು ಎಂದು ಸ್ವಾಮಿ ಒಂದೊಂದೇ ಹಂತವನ್ನು ಹೇಳುತ್ತಾರೆ. ಹಂತ ಹಾರಿಸುವುದಿಲ್ಲ. ಇಲ್ಲಿ ರೈತನನ್ನು ಸೋಮಾರಿ ಎಂದು ತಿಳಿಯಬೇಡಿ. ಗದ್ದೆಗೆ ನೀರು ನಿಲ್ಲಿಸುವುದು, ಅಂಚು ಕಟ್ಟುವುದು, ಕಳೆ ಕೀಳುವುದು, ಹಂದಿಗೆ ಕಾವಲು ಕೂರುವುದು ಅವನ ಕೆಲಸ. ಕಾಳಿನೊಳಗೆ ಹಾಲು ತುಂಬುವುದು ಅವನ ಕೆಲಸವಲ್ಲ. ಉಗುರು ಹಾಕಿ ಕಾಳನ್ನು ಬಿಡಿಸಿ ತುಂಬುತ್ತಿದೆಯೇ ಎಂದು ದಿನವೂ ನೋಡಿದರೆ ಆ ಕಾಳು ಹೋಯಿತು.

ತಂದೆ ತಾಯಂದಿರಿಗೆ ಇಲ್ಲಿ ಒಂದು ಮಾತು. ಆ ತಾಯಿಯ ಪಕ್ಕದ ಗದ್ದೆಯವರು ಒಂದು ವರ್ಷ ಬೇಗ ಬೆಳೆಯಲೆಂದು ಯೂರಿಯಾ ಧಾರಾಳವಾಗಿ ಹಾಕಿದ್ದರಂತೆ. ಪೈರು ಕಡುಹಸಿರಾಗಿ ಎದೆಯೆತ್ತರ ಬಂತು, ದಾರಿಹೋಕರೆಲ್ಲ ಹೊಗಳಿದರು. ಮೊದಲ ಗಾಳಿಮಳೆಗೆ ಎಲ್ಲವೂ ನೆಲಕ್ಕೆ ಮಲಗಿತು. ಹಟ್ಟಿಗೊಬ್ಬರ ನಿಧಾನ, ಅದು ಕೊಳೆತು ಮಣ್ಣಾಗಿ ಬೇರಿಗೆ ಸಿಗುತ್ತದೆ. ಮಕ್ಕಳಿಗೆ ಅಂಕಗಳ ಮೇಲೆ ಅಂಕ, ಟ್ಯೂಷನ್ನಿನ ಮೇಲೆ ಟ್ಯೂಷನ್ ಹಾಕುವ ನಾವು ಸಂಜೆಯ ಜಪಸರಕ್ಕೆ ಹತ್ತು ನಿಮಿಷ ಕೊಡಲು ಲೆಕ್ಕ ಹಾಕುತ್ತೇವೆ. ದಿನವೂ ಅದೇ ಪ್ರಾರ್ಥನೆ, ಅದೇ ಗೊಣಗಾಟ, ನಿದ್ದೆಗಣ್ಣಿನ ಮಕ್ಕಳು. ಫಲ ಕಾಣುವುದಿಲ್ಲ ನಿಜ. ಹಟ್ಟಿಗೊಬ್ಬರದ ಫಲವೂ ಮರುದಿನ ಕಾಣುವುದಿಲ್ಲ.

ಇನ್ನೊಂದು. ಭತ್ತದ ನಡುವೆ ಭತ್ತದಂತೆಯೇ ಕಾಣುವ ಕಳೆ ಬರುತ್ತದೆ. ಎಲೆ ನೋಡಿ ನುರಿತವರೂ ಮೋಸಹೋಗುತ್ತಾರೆ. ತೆನೆ ಹೊರಟ ಮೇಲೆಯೇ ಯಾವುದು ಯಾವುದೆಂಬುದು ಸ್ಪಷ್ಟ. ಮತ್ತಾಯನ ಹದಿಮೂರನೆಯ ಅಧ್ಯಾಯದ ಒಡೆಯ ಆಳುಗಳ ಕೈ ತಡೆದದ್ದು ಸುಮ್ಮನೆ ಅಲ್ಲ. ಪೂಜೆಗೆ ಬಾರದ ಯುವಕನನ್ನು, ಮನೆ ಬಿಟ್ಟು ಹೋದವನನ್ನು, ಕುಡಿತಕ್ಕೆ ಬಿದ್ದವನನ್ನು ಕಿತ್ತೆಸೆಯಲು ನಮ್ಮ ಕೈ ಎಷ್ಟು ಬೇಗ ಮುಂದಾಗುತ್ತದೆ! ಗುರುಗಳಾದ ನಾವೂ ಇದಕ್ಕೆ ಹೊರತಲ್ಲ. ಒಂದು ಕುಟುಂಬದ ವಿಷಯದಲ್ಲಿ ನಾನೇ "ಅವನ ಆಸೆ ಬಿಡಿ" ಎಂದು ಹೇಳಿದ್ದುಂಟು.

ಹೇಳಿದ್ದು ಇದೇ ತಾಯಿಗೆ. ಅವರ ಹಿರಿಯ ಮಗ ಈ ಗದ್ದೆಯನ್ನು ಮಾರಿ ತನ್ನ ಪಾಲು ಕೊಡಬೇಕೆಂದು ಹಠ ಹಿಡಿದು, ತಾಯಿ ಒಪ್ಪದಿದ್ದಾಗ ಊರು ಬಿಟ್ಟಿದ್ದ. ಪತ್ರವಿಲ್ಲ, ಫೋನಿಲ್ಲ. ಯಾವುದೋ ನಗರದಲ್ಲಿದ್ದಾನೆಂದು ಯಾರೋ ಕಂಡವರು ಹೇಳಿದ್ದಷ್ಟೇ. ಗದ್ದೆಯಿಂದ ಲಾಭವೂ ಇಲ್ಲ. ಕೂಲಿ, ಗೊಬ್ಬರದ ಖರ್ಚು ಕಳೆದರೆ ಅಂಗಡಿಯ ಅಕ್ಕಿಯೇ ಅಗ್ಗ. ಅಡಿಕೆ ಹಾಕಿ ಎಂದು ಎಲ್ಲರೂ ಹೇಳುತ್ತಿದ್ದರು, ಮಾರಿಬಿಡಿ ಎಂದು ನಾನೂ ಹೇಳಿದ್ದೆ. "ಅವನು ಬಂದಾಗ ಗದ್ದೆ ಹಡಿಲು ಬಿದ್ದಿರಬಾರದು ಫಾದರ್" ಎಂಬುದೊಂದೇ ಅವರ ಉತ್ತರ.

ತೆನೆ ಹಂಚುವಾಗ ನಮ್ಮಲ್ಲಿ ಒಂದು ಪದ್ಧತಿಯಿದೆ, ಓದುಗರಲ್ಲಿ ಅನೇಕರಿಗೆ ಗೊತ್ತಿರಬಹುದು. ಮನೆಯಲ್ಲಿ ಎಷ್ಟು ಜನವೋ ಅಷ್ಟೇ ಅಲ್ಲ, ಮುಂಬಯಿ, ಗಲ್ಫ್ ಎಂದು ದೂರ ಹೋದವರ ಪಾಲಿನ ಕಾಳನ್ನೂ ತೆಗೆದಿಡುತ್ತಾರೆ. ಹಿಂದೆ ಅಂಚೆಯ ಲಕೋಟೆಯಲ್ಲಿ ಕಾಳು ಹಾಕಿ ಕಳುಹಿಸುತ್ತಿದ್ದರು; ಪತ್ರ ಬಿಡಿಸಿದಾಗ ಮಡಿಲಿಗೆ ನಾಲ್ಕು ಕಾಳು ಉದುರಿದರೆ ಅಂದೇ ಅಲ್ಲಿ ಹಬ್ಬ. ಆ ವರ್ಷ ಪೂಜೆಯ ನಂತರ ಆ ತಾಯಿ ಸಾಲಿನಲ್ಲಿ ನಿಂತು ಏಳು ತೆನೆ ಕೇಳಿದರು. ಮನೆಯಲ್ಲಿರುವವರು ನಾಲ್ವರು. ಮಠದಲ್ಲಿರುವ ಮಗಳಿಗೊಂದು, ದುಬೈಯಲ್ಲಿರುವ ಕಿರಿಯವನಿಗೊಂದು, ಅಲ್ಲಿಗೆ ಆರು.

ಮಧ್ಯಾಹ್ನ ಹಬ್ಬದ ಊಟಕ್ಕೆ ನನ್ನನ್ನು ಕರೆದಿದ್ದರು. ಮಳೆ ಸ್ವಲ್ಪ ಬಿಟ್ಟಿತ್ತು. ಒಳಗಿನ ಕೋಣೆಯ ಪುಟ್ಟ ಪೀಠದಲ್ಲಿ ಶಿಲುಬೆಯ ಕೆಳಗೆ ದಾರದಲ್ಲಿ ಕಟ್ಟಿದ ಒಣಗಿದ ತೆನೆಗಳಿದ್ದವು. ಎಣಿಸಿದೆ, ಆರು. ಒಂದೊಂದು ವರ್ಷದ್ದು ಒಂದೊಂದು. ಹಳೆಯದು ಧೂಳು ಹಿಡಿದು ಕಪ್ಪಾಗಿತ್ತು, ಕಾಳು ಉದುರಿ ಬರೀ ಕಡ್ಡಿ ಉಳಿದಿತ್ತು. ಅವರು ಏಳನೆಯ ತೆನೆಯನ್ನು, ಇನ್ನೂ ಹಾಲು ತುಂಬಿದ್ದನ್ನು, ಅದೇ ದಾರಕ್ಕೆ ಸೇರಿಸಿ ಕಟ್ಟಿದರು. ಆಮೇಲೆ ನನ್ನ ಕಡೆ ತಿರುಗಿ, "ಹಳೆಯವಕ್ಕೂ ಸ್ವಲ್ಪ ತೀರ್ಥ ಹಾಕಿ ಫಾದರ್" ಎಂದು ನೀರಿನ ಬಟ್ಟಲನ್ನು ನನ್ನ ಕೈಗೆ ಕೊಟ್ಟರು.