ಹಳೆಯ ನಾಣ್ಯದ ಬೇಟೆ: ಲೋಹಶೋಧಕ ಹಿಡಿಯುವ ಮುನ್ನ ಅರಿಯಬೇಕಾದದ್ದು

ಮೆಟಲ್ ಡಿಟೆಕ್ಟರ್ ಎಂಬ ಲೋಹಶೋಧಕ ಯಂತ್ರವು ಇಂದು ಯಾರು ಬೇಕಾದರೂ ಮನೆಗೆ ತರಿಸಿಕೊಳ್ಳಬಹುದಾದ ವಸ್ತುವಾಗಿದೆ. ವಿದೇಶದ ಕಾಡುಗಳಲ್ಲಿ ಹಳೆಯ ನಾಣ್ಯ ಹೆಕ್ಕುವವರ ದೃಶ್ಯಗಳು ಪ್ರತಿಯೊಬ್ಬರ ಮೊಬೈಲಿನಲ್ಲಿಯೂ ಹರಿದಾಡುತ್ತಿವೆ. ಪನ್ಹಾಳ, ಸಾಮಾನಗಡದಂಥ ಕೋಟೆಗಳೂ ಆಜರಾ, ಚಂದಗಡದ ಕಾಡುಗಳೂ ಇರುವ ನಮ್ಮ ಜಿಲ್ಲೆಯಲ್ಲಿ ಅಂಥ ಆಸೆ ಮೂಡುವುದು ಸಹಜ. ಆದ್ದರಿಂದ ಈ ವಿಷಯದಲ್ಲಿ ಕಾನೂನು ಏನು ಹೇಳುತ್ತದೆ, ನೆಲದಿಂದ ಕಿತ್ತ ನಾಣ್ಯದೊಡನೆ ನಾವು ಏನನ್ನು ಕಳೆದುಕೊಳ್ಳುತ್ತೇವೆ ಎಂಬುದನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಯಂತ್ರದ ಶಕ್ತಿ, ಯಂತ್ರದ ಮಿತಿ

ಲೋಹಶೋಧಕದ ತುದಿಯ ಸುರುಳಿಯಲ್ಲಿ ವಿದ್ಯುತ್ ಹರಿದಾಗ ಕಾಂತಕ್ಷೇತ್ರ ಉಂಟಾಗುತ್ತದೆ. ಅದು ನೆಲದೊಳಗಿನ ಲೋಹದಲ್ಲಿ ಸಣ್ಣ ವಿದ್ಯುತ್ ಸುಳಿಗಳನ್ನು ಎಬ್ಬಿಸುತ್ತದೆ. ಯಂತ್ರವು ಅವುಗಳನ್ನು ಗುರುತಿಸಿ ಸದ್ದು ಮಾಡುತ್ತದೆ. ಒಂದು ನಾಣ್ಯವನ್ನು ಸಾಮಾನ್ಯ ಯಂತ್ರವು ಸುಮಾರು ಒಂದು ಅಡಿ ಆಳದವರೆಗೆ ಮಾತ್ರ ಪತ್ತೆ ಮಾಡಬಲ್ಲದು. ಕಬ್ಬಿಣದ ಅಂಶ ಹೆಚ್ಚಿರುವ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಿ ಅದು ಸುಳ್ಳು ಸದ್ದನ್ನೂ ಮಾಡುತ್ತದೆ. ಲೋಹವಿದೆ ಎಂದಷ್ಟೇ ಅದು ಹೇಳುತ್ತದೆ. ಆ ಲೋಹ ಯಾವ ಕಾಲದ್ದು, ಅದರ ಸುತ್ತ ಯಾವ ಮಡಕೆ ಚೂರು, ಯಾವ ಇಟ್ಟಿಗೆ ಗೋಡೆ ಇದೆ ಎಂಬುದು ಅದಕ್ಕೆ ತಿಳಿಯದು.

ಬ್ರಹ್ಮಪುರಿ ಕಲಿಸಿದ ಪಾಠ

ಇದರ ಮಹತ್ವ ತಿಳಿಯಲು ನಾವು ದೂರ ಹೋಗಬೇಕಿಲ್ಲ. ಕೊಲ್ಹಾಪುರದ ಪಂಚಗಂಗಾ ದಂಡೆಯ ಬ್ರಹ್ಮಪುರಿ ದಿನ್ನೆಯಲ್ಲಿ 1877ರ ಸುಮಾರಿಗೆ ಅನೇಕ ಸೀಸದ ನಾಣ್ಯಗಳು ದೊರೆತವು. ಒಂದು ಬದಿಯಲ್ಲಿ ಬಿಲ್ಲು ಬಾಣ, ಇನ್ನೊಂದು ಬದಿಯಲ್ಲಿ ಬೆಟ್ಟದ ಚಿಹ್ನೆ ಇರುವ ಅವುಗಳ ಮೇಲೆ ವಾಸಿಠೀಪುತ ವಿಳಿವಾಯಕುರ, ಮಾಢರೀಪುತ ಸಿವಲಕುರ, ಗೋತಮೀಪುತ ವಿಳಿವಾಯಕುರ ಎಂಬ ಅರಸರ ಹೆಸರುಗಳಿದ್ದವು. ಕೆಲವು ನಾಣ್ಯಗಳಲ್ಲಿ ಹಿಂದಿನ ಅರಸನ ಮುದ್ರೆಯ ಮೇಲೆಯೇ ಮುಂದಿನವನ ಮುದ್ರೆ ಒತ್ತಲಾಗಿತ್ತು. ಈ ಮರುಮುದ್ರೆಯ ಆಧಾರದಿಂದಲೇ ವಿದ್ವಾಂಸರು ಯಾರ ನಂತರ ಯಾರು ಆಳಿದರು ಎಂಬುದನ್ನು ನಿರ್ಧರಿಸಿದರು. ಚಿನ್ನದ ಆಸೆಗೆ ಅಗೆಯುವವನ ಕೈಗೆ ಇಂಥ ಸೀಸದ ಬಿಲ್ಲೆ ಸಿಕ್ಕಿದ್ದರೆ ಬೆಲೆಯಿಲ್ಲದ ತುಂಡೆಂದು ಅದನ್ನು ಎಸೆದುಬಿಡುತ್ತಿದ್ದ. ಅದರೊಡನೆ ಒಂದು ರಾಜವಂಶದ ಸಾಕ್ಷ್ಯವೇ ಹೋಗುತ್ತಿತ್ತು.

ಅದೇ ದಿನ್ನೆಯಲ್ಲಿ 1944ರ ಸುಮಾರಿಗೆ ಅಗೆತ ನಡೆಸಿದವರು ರಾಜಾರಾಮ ಕಾಲೇಜಿನ ಕನ್ನಡ ಪ್ರಾಧ್ಯಾಪಕ ಕೆ.ಜಿ. ಕುಂದಣಗಾರರು. ಕೊಲ್ಹಾಪುರ ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿ 1939ರಲ್ಲಿ ಪ್ರಕಟಿಸಿದವರೂ, 1961ರ ಗದಗ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದವರೂ ಅವರೇ. ಆ ಅಗೆತದಲ್ಲಿ ಹೊರಬಂದ ಗ್ರೀಕ್ ಸಮುದ್ರದೇವತೆ ಪೊಸೈಡನ್‌ನ ಕಂಚಿನ ಪುಟ್ಟ ಮೂರ್ತಿ ಇಂದು ಕೊಲ್ಹಾಪುರದ ಟೌನ್ ಹಾಲ್ ವಸ್ತುಸಂಗ್ರಹಾಲಯದ ಹೆಮ್ಮೆಯಾಗಿದೆ. 1945-46ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಎಚ್.ಡಿ. ಸಾಂಕಳಿಯಾ ಮತ್ತು ಎಂ.ಜಿ. ದೀಕ್ಷಿತರು ಅಲ್ಲಿ ಪದರ ಪದರವಾಗಿ ಅಗೆದು ಶಾತವಾಹನ ಕಾಲದ ಇಟ್ಟಿಗೆ ಮನೆಗಳನ್ನು ಗುರುತಿಸಿದರು. ಮನೆ, ಮೂರ್ತಿ, ನಾಣ್ಯ ಒಂದೇ ನೆಲೆಯಲ್ಲಿ ದೊರೆತಿದ್ದರಿಂದಲೇ ಈ ಊರಿಗೆ ರೋಮನ್ ವ್ಯಾಪಾರದ ನಂಟಿತ್ತೆಂದು ಹೇಳಲು ಸಾಧ್ಯವಾಯಿತು. ಮೂರ್ತಿಯೊಂದೇ ಅಂಗಡಿಯಲ್ಲಿ ಕಂಡಿದ್ದರೆ ಅದು ಎಲ್ಲಿಂದ ಬಂತೆಂದು ಹೇಳುವವರೇ ಇರುತ್ತಿರಲಿಲ್ಲ.

ಕಾನೂನು ಹೇಳುವುದೇನು

1878ರ ಭಾರತೀಯ ನಿಧಿ ಕಾಯ್ದೆಯ ಪ್ರಕಾರ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ದೊರೆತವನು ಅದರ ಸ್ವರೂಪ, ಅಂದಾಜು ಬೆಲೆ, ದೊರೆತ ಸ್ಥಳ ಮತ್ತು ದಿನಾಂಕವನ್ನು ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ತಿಳಿಸದಿದ್ದರೆ ಒಂದು ವರ್ಷದವರೆಗೆ ಸೆರೆವಾಸ, ದಂಡ ಅಥವಾ ಎರಡೂ ವಿಧಿಸಬಹುದು. ಅವನ ಪಾಲೂ ಸರಕಾರಕ್ಕೆ ಸೇರುತ್ತದೆ. ತಿಳಿಸಿದವನಿಗೆ ಕಾನೂನು ಅನ್ಯಾಯ ಮಾಡುವುದಿಲ್ಲ. ವಾರಸುದಾರರಿಲ್ಲವೆಂದು ಘೋಷಣೆಯಾದ ನಿಧಿಯಲ್ಲಿ, ಬೇರೆ ಒಪ್ಪಂದವಿಲ್ಲದಿದ್ದರೆ, ದೊರೆತವನಿಗೆ ನಾಲ್ಕರಲ್ಲಿ ಮೂರು ಪಾಲು, ಜಮೀನಿನ ಒಡೆಯನಿಗೆ ಒಂದು ಪಾಲು. ಸರಕಾರವೇ ಇಟ್ಟುಕೊಳ್ಳಬಯಸಿದರೆ ಲೋಹದ ಬೆಲೆಗೆ ಐದನೇ ಒಂದಂಶ ಸೇರಿಸಿ ಕೊಡಬೇಕು.

ನೂರು ವರ್ಷಕ್ಕಿಂತ ಹಳೆಯ ನಾಣ್ಯವು 1972ರ ಕಾಯ್ದೆಯಂತೆ ಪುರಾವಸ್ತು. ಖಾಸಗಿಯವರು ಅದನ್ನು ವಿದೇಶಕ್ಕೆ ಸಾಗಿಸುವಂತಿಲ್ಲ. ಪನ್ಹಾಳದಂಥ ಸಂರಕ್ಷಿತ ಸ್ಮಾರಕದ ಆವರಣದಲ್ಲಿ ಪರವಾನಗಿಯಿಲ್ಲದೆ ಅಗೆಯುವುದು ಅಪರಾಧ. ಬ್ರಿಟನ್ನಿನಲ್ಲಿ ಜಮೀನಿನ ಒಡೆಯನ ಒಪ್ಪಿಗೆ ಪಡೆದು ಹುಡುಕಿ, ದೊರೆತದ್ದನ್ನು ದಾಖಲಿಸುವ ಸಾರ್ವಜನಿಕ ವ್ಯವಸ್ಥೆ 1997ರಿಂದ ಇದೆ. ಅಂಥ ವ್ಯವಸ್ಥೆ ನಮ್ಮಲ್ಲಿಲ್ಲ. ಅಲ್ಲಿಯ ಹವ್ಯಾಸವನ್ನು ಇಲ್ಲಿ ಹಾಗೆಯೇ ಅನುಕರಿಸಲಾಗದು.

ಆಕಸ್ಮಿಕವಾಗಿ ದೊರೆತರೆ

ಕಬ್ಬಿನ ಗದ್ದೆ ಉಳುವಾಗಲೋ ಮನೆಯ ಪಾಯ ತೋಡುವಾಗಲೋ ನಾಣ್ಯ ಕಂಡರೆ ಅಲ್ಲಿಗೇ ಕೆಲಸ ನಿಲ್ಲಿಸಬೇಕು. ನಾಣ್ಯವನ್ನು ಹುಣಸೆಹಣ್ಣು ಹಾಕಿ ಉಜ್ಜಬಾರದು. ಉಜ್ಜಿದರೆ ಅಕ್ಷರಗಳೇ ಅಳಿಯುತ್ತವೆ. ಸ್ಥಳದ ಚಿತ್ರ ತೆಗೆದು, ಎಷ್ಟು ಆಳದಲ್ಲಿತ್ತೆಂದು ಬರೆದಿಟ್ಟು, ಮಡಕೆ ಚೂರುಗಳನ್ನೂ ಹಾಗೆಯೇ ಬಿಟ್ಟು, ತಲಾಠಿ ಅಥವಾ ತಹಶೀಲ್ದಾರರ ನೆರವಿನಿಂದ ಜಿಲ್ಲಾಧಿಕಾರಿಗೆ ಬರೆದು ತಿಳಿಸಬೇಕು. ಪತ್ರದ ಪ್ರತಿಗೆ ಸ್ವೀಕೃತಿ ಪಡೆಯುವುದನ್ನು ಮರೆಯಬಾರದು.

ಈ ಜಿಲ್ಲೆಯಲ್ಲಿ ಕನ್ನಡದ ಹಳಮೆಯನ್ನು ಹೇಳಲು ನಮಗಿರುವ ಬಲವಾದ ಆಧಾರ ಖಿದ್ರಾಪುರದ ಕೊಪ್ಪೇಶ್ವರ ದೇವಾಲಯದಲ್ಲಿರುವಂಥ ಶಿಲಾಶಾಸನಗಳು. ಕಲ್ಲು ನಿಂತ ಜಾಗದಲ್ಲೇ ನಿಂತಿರುವುದರಿಂದ ಅದರ ಮಾತಿಗೆ ಬೆಲೆ ಬಂದಿದೆ. ನಾಣ್ಯಕ್ಕೂ ಅದೇ ನ್ಯಾಯ. ನಮ್ಮ ಹಿರಿಯರ ಇರವಿಗೆ ಇನ್ನೂ ಯಾವ ಸಾಕ್ಷ್ಯ ಮಣ್ಣಿನಲ್ಲಿ ಅಡಗಿದೆಯೋ, ಅದನ್ನು ಸಂಜೆಯ ಕತ್ತಲಲ್ಲಿ ಕಿತ್ತು ಅಕ್ಕಸಾಲಿಗರ ಮೂಸೆಗೆ ಹಾಕುವವರು ಕನ್ನಡಿಗರಾದರೂ ಮರಾಠಿಗರಾದರೂ ನಷ್ಟವು ಈ ನೆಲದ ಎಲ್ಲರದು.